ಮದ್ದಿಲ್ಲದ ಏಳನೆಯ ಗುಂಡು

ನಾನು ಹತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತನಾದೆ. ನಗುವವರು ನಗಲಿ. ಮುಂಬೈಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಅರವತ್ತಕ್ಕೆ ನಿವೃತ್ತರಾದ ಹನ್ನೊಂದು ಮಂದಿ ಹಿರಿಯರಿದ್ದಾರೆ. ಸಂಜೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕೂತು, ತಾವು ಬಿಟ್ಟ ಮೇಲೆ ಆಫೀಸು ಹೇಗೆ ಹಾಳಾಯಿತು ಎಂದು ವರದಿ ಒಪ್ಪಿಸುತ್ತಾರೆ. ನಿವೃತ್ತನಾದ ವಾರ ನಾನೂ ಹೋಗಿ ಸಾಲಿನ ಕೊನೆಗೆ ಕೂತು, ಒಂದು ನಿಟ್ಟುಸಿರು ಬಿಟ್ಟು, 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಅಂದೆ. ಎದ್ದು ಕಾಲೇಜಿಗೆ ಹೋಗು ಅಂದರು. ಕಟ್ಟೆಯ ಮೇಲೆ ಜಾಗ ಸಿಗದ ಅನುಭವವನ್ನು ಕಾಗದದ ಮೇಲೆ ಇಳಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಹಳೆಯ ಕಾಲದ ಬಂದೂಕು ತುಂಬುವುದನ್ನು ಹೊಸದಾಗಿ ಕಲಿಯುತ್ತಿರುವ ಹುಡುಗ ಹುಡುಗಿಯರು ಓದಿಕೊಳ್ಳಲಿ. ಅಲ್ಲಲ್ಲಿ ಸ್ವಲ್ಪ ಹಿಗ್ಗಿಸಿದ್ದೇನೆ. ಹಿಗ್ಗಿಸದ ಜಾಗ ಯಾವುದು ಎಂದು ನಿಮಗೇ ತಿಳಿಯುತ್ತದೆ. ಅಲ್ಲಿ ನಾನು ಚಿಕ್ಕವನಾಗಿ ಕಾಣುತ್ತೇನೆ.

ಕೆಲಸ ಇದ್ದದ್ದು ಮುಲುಂಡಿನ ಗುಡ್ಡದ ಬುಡದ ಒಂದು ರೈಫಲ್ ಕ್ಲಬ್ಬಿನಲ್ಲಿ, ಶನಿವಾರ ಭಾನುವಾರ. ಹುದ್ದೆಯ ಹೆಸರು ಲೋಡರ್. ಟ್ರಕ್ಕಿಗೆ ಮೂಟೆ ಹೇರುವ ಲೋಡರ್ ಅಲ್ಲ. ಆ ಕ್ಲಬ್ಬಿನ ಒಂದು ಮೂಲೆಯಲ್ಲಿ ಹಳೆಯ ಕಾಲದ ಬಂದೂಕುಗಳ ಸಾಲು ಇದೆ. ತೋಟಾ ಇಲ್ಲ, ಮ್ಯಾಗಜೀನ್ ಇಲ್ಲ. ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ತುರುಕಿ, ಕೋಲಿನಿಂದ ತಳ್ಳಿ ತುಂಬಬೇಕು. ಸದಸ್ಯರು ದೊಡ್ಡವರು, ಅವರ ಕೈ ಕರಿಯಾಗಬಾರದು. ಅದಕ್ಕೆ ಆ ಸಾಲಿನಲ್ಲಿ ಮೊದಲಿಂದ ನಡೆದು ಬಂದ ಪದ್ಧತಿ ಒಂದಿತ್ತು: ಸದಸ್ಯರು ಚಹಾ ಕುಡಿಯುತ್ತ ನಿಂತಿರುತ್ತಾರೆ, ಲೋಡರ್ ತುಂಬಿ ಕೊಡುತ್ತಾನೆ, ಅವರು ಹೊಡೆಯುತ್ತಾರೆ. ಗುರಿ ತಾಗಿದರೆ ಅವರ ಕೈಗುಣ, ತಪ್ಪಿದರೆ ಲೋಡರ್‌ನ ಕೈಗುಣ.

ಬಡ್ತಿಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಎರಡು ತಿಂಗಳು ನೆಲ ಗುಡಿಸಿದೆ, ಆಮೇಲೆ ಬಂದೂಕು ತುಂಬಿದೆ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಬಸಣ್ಣ ಕಾಕಾ. ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯವರು, ವಿಜಯಪುರ ಕಡೆಯವರು. ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ಆಯುಷ್ಯ ಕಳೆದು, ಈಗ ಕ್ಲಬ್ಬಿನ ಹಳೆಯ ಬಂದೂಕುಗಳ ಉಸ್ತುವಾರಿ ನೋಡುತ್ತಾರೆ. ಮದ್ದಿನ ಕಪಾಟಿನ ಕೀಲಿ ಅವರ ಉಡಿದಾರದಲ್ಲೇ ಇರುತ್ತದೆ. ಒಂದು ದಿನ ಲಿಫ್ಟಿನಲ್ಲಿ ನನ್ನ ಅವ್ವ, "ಇವನ ಕೈಯಾಗಿಂದ ಮೊಬೈಲ್ ಬಿಡಿಸೋದು ಹೆಂಗರೀ ಕಾಕಾ" ಎಂದು ಸಂಕಟ ಹೇಳಿಕೊಂಡಳು. ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೈಯಾಗ ಬ್ಯಾರೆ ಏನರ ಕೊಟ್ರ ಬಿಡ್ತಾನ. ನನ್ನ ಕಡೆ ಕಳಸ್ರಿ" ಅಂದರು. ಅಪ್ಪ ಎಲ್ಲಾ ಕಾಗದಕ್ಕೂ ಸಹಿ ಹಾಕಿದ. ಸಹಿ ಹಾಕುವಾಗ ಅವನ ಮುಖದಲ್ಲಿದ್ದ ಸಂತೋಷ ನನಗೆ ಅಷ್ಟು ಹಿಡಿಸಲಿಲ್ಲ.

ಮೊದಲ ಪಾಠ ಹೀಗಿತ್ತು. ಬಂದೂಕನ್ನು ಬಾಯಿ ಮೇಲೆ ಮಾಡಿ ಬೆಂಚಿಗೆ ಆನಿಸಿ ನಿಲ್ಲಿಸು, ನಿನ್ನ ಮುಖ ಅದರ ಮೇಲೆ ಬರಬಾರದು. ಮೊದಲು ಅಳೆದ ಮದ್ದು. ಆಮೇಲೆ ಎಣ್ಣೆ ಹಚ್ಚಿದ ಬಟ್ಟೆಯ ತುಂಡು, ಅದರ ನಡುವೆ ಸೀಸದ ಗೋಲಿ. ಗಿಡ್ಡ ಕೋಲಿನಿಂದ ಒಂದು ಗುದ್ದು. ಆಮೇಲೆ ಗಜ, ಅಂದರೆ ಉದ್ದ ಕೋಲಿನಿಂದ, ಗೋಲಿ ಮದ್ದಿನ ಮೇಲೆ ಕೂರುವ ತನಕ ಒಂದೇ ಸಮನೆ ತಳ್ಳು. ಗುರಿಯ ಸಾಲಿಗೆ ಹೋಗಿ ನಿಂತ ಮೇಲೆ ಹೊಡೆಯುವವರು ತಾವೇ ಕೇಪು ಇಟ್ಟುಕೊಳ್ಳುತ್ತಾರೆ. ಕೇಪು ಅಂದರೆ ತಾಮ್ರದ ಪುಟ್ಟ ಟೋಪಿ. ಕುದುರೆ, ಅಂದರೆ ಬಂದೂಕಿನ ಪುಟ್ಟ ಸುತ್ತಿಗೆ, ಅದರ ಮೇಲೆ ಬಿದ್ದಾಗ ಕಿಡಿ ಹಾರಿ ಮದ್ದಿಗೆ ತಾಗುತ್ತದೆ.

"ಬಟ್ಟಿ ಯಾಕ ಕಾಕಾ?"

"ಗೋಲಿ ನಳಿಗಿಗಿಂತ ಎಳ್ಳಷ್ಟು ಸಣ್ಣದಿರತೈತಿ. ಒಳಗ ಸುರುಳಿ ಗೆರಿ ಕೊರದಾರ ನೋಡು, ಆ ಗೆರಿ ಹಿಡಿಯೂದು ಬಟ್ಟಿ, ಗೋಲಿ ಅಲ್ಲ. ಬಟ್ಟಿ ತಿರಗತೈತಿ, ಗೋಲಿನೂ ತಿರಗಸತೈತಿ. ತಿರಗಿದ್ದು ನೆಟ್ಟಗ ಹೋಗತೈತಿ."

"ಅಂದ್ರ ಗೋಲಿಗೆ ಲಂಗೋಟಿ."

"ನೀ ಏನರ ಕಟ್ಟು. ಆದ್ರ ಹರೀಬಾರದು."

ಆ ಲಂಗೋಟಿಯೇ ನನ್ನ ಮೊದಲ ಪ್ರಮಾದ. ಬಟ್ಟೆ ಮುಗಿದಿತ್ತು, ಕಾಕಾ ಮನೆಯಿಂದ ತಾ ಅಂದಿದ್ದರು. ನಾನು ಹತ್ತನೆಯ ಕ್ಲಾಸಿನ ಯೂನಿಫಾರ್ಮ್ ಶರ್ಟನ್ನು, ಶಾಲೆಯ ಮೇಲಿದ್ದ ಸಿಟ್ಟನ್ನೆಲ್ಲ ಕತ್ತರಿಗೆ ಹಾಕಿ, ನೂರು ದುಂಡನೆಯ ಚೂರು ಮಾಡಿಕೊಂಡು ಹೋದೆ. ಅದು ಅರ್ಧ ಪಾಲಿಯೆಸ್ಟರ್. ಮೂರನೆಯ ಗುಂಡಿಗೆ ಸುಟ್ಟ ಪ್ಲಾಸ್ಟಿಕ್ ಬಕೆಟ್ಟಿನ ವಾಸನೆ ಬಂತು. ನಾಲ್ಕನೆಯದು ನಳಿಗೆಯ ಅರ್ಧದಲ್ಲಿ ಕೂತು, ಮುಂದೆಯೂ ಹೋಗದೆ ಹಿಂದೆಯೂ ಬಾರದೆ, ಬೆಳಗಿನ ಎಂಟೂವರೆಯ ಲೋಕಲ್ ರೈಲಿನ ಬಾಗಿಲಲ್ಲಿ ಸಿಕ್ಕಿಕೊಂಡವನ ಹಾಗೆ ನಿಂತಿತು. ಗೋಲಿ ಅರ್ಧದಲ್ಲಿ ಇರುವ ಬಂದೂಕು ಹೊಡೆದರೆ ನಳಿಗೆ ಒಡೆಯಬಹುದು. ಕಾಕಾ ಇಡೀ ಸಾಲನ್ನು ನಿಲ್ಲಿಸಿ, ಗೋಲಿಯನ್ನು ಹೊರಗೆ ತೆಗೆದು, ಕುದಿಯುವ ನೀರು ಸುರಿದು, ಎರಡು ತಾಸು ನಳಿಗೆ ಉಜ್ಜಿದರು. ಒಳಗಿನಿಂದ ಕರಗಿದ ಶರ್ಟಿನ ಅಂಟು ಬಂತು.

"ಇದೇನಲೇ ತಮ್ಮಾ?"

"ನನ್ನ ಹತ್ತನೇ ಕ್ಲಾಸು, ಕಾಕಾ."

"ಅಲ್ಲೂ ಹಿಂಗ ಅರ್ಧಕ್ಕ ನಿಂತಿದ್ದೇನು?"

ಮರುದಿನ ಕಾಕಾ ನಮ್ಮ ಮನೆಗೇ ಬಂದರು, ಕೈಯಲ್ಲಿ ಮೈಕ್ರೋಮೀಟರ್. ಲೇಥ್ ಕೆಲಸದವರು ಲೋಹದ ದಪ್ಪ ಅಳೆಯುವ ಸಲಕರಣೆ ಅದು. ಅವ್ವ ಚಹಾ ತರುವಷ್ಟರಲ್ಲಿ ಅವರು ಸೋಫಾದ ಕವರಿನಿಂದ ಶುರು ಮಾಡಿ ಅಪ್ಪನ ಪಂಚೆ, ಕಿಟಕಿಯ ಪರದೆ, ಟವೆಲ್ಲು ಎಲ್ಲವನ್ನೂ ಹಿಡಿದು ನೋಡಿದ್ದರು.

"ಪಂಚಿ ತೆಳ್ಳಗಾತು. ಪರದೆ ಟೆರಿಕಾಟು. ಅಕ್ಕಾರ, ದಿಂಬಿನ ಕವರ್ ಒಂದೀಟು ಕೊಡ್ರಿ."

"ಕಾಕಾ, ಕನ್ಯಾ ನೋಡ್ಲಿಕ್ಕೆ ಬಂದವರೂ ಇಷ್ಟು ತಪಾಸಣಿ ಮಾಡಂಗಿಲ್ಲ ನೋಡ್ರಿ" ಅಂದಳು ಅವ್ವ.

ಹಳೆಯ ದಿಂಬಿನ ಕವರು, ಒತ್ತು ನೇಯ್ಗೆಯ ಅಪ್ಪಟ ಹತ್ತಿ, ಪಾಸಾಯಿತು. ಆ ವರ್ಷ ನಮ್ಮ ಮನೆಯವರೆಲ್ಲ ಕವರಿಲ್ಲದ ದಿಂಬಿನ ಮೇಲೆ ಮಲಗಿದೆವು. ಅಪ್ಪ ಮಾತ್ರ, ತಾನು ಮೂವತ್ತು ವರ್ಷ ತಲೆಯಿಟ್ಟ ಬಟ್ಟೆ ಗುರಿಯ ಕಡೆಗೆ ಹಾರುತ್ತಿದೆ ಎಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ.

ಬಟ್ಟೆಗೆ ಹಚ್ಚುವುದು ಕೊಬ್ಬರಿ ಎಣ್ಣೆ ಮತ್ತು ಜೇನುಮೇಣ. ಅದನ್ನು ನಾನು ಮನೆಯಲ್ಲೇ ಕಾಸಿ, ಚೂರುಗಳನ್ನು ಅದ್ದಿ, ಡಬ್ಬಿಗೆ ತುಂಬಿಕೊಂಡು ಸ್ಲೋ ಲೋಕಲ್ಲಿನಲ್ಲಿ ಹೋಗುತ್ತಿದ್ದೆ. ಮದ್ದಾಗಲಿ ಗುಂಡಾಗಲಿ ರೇಂಜಿನ, ಅಂದರೆ ಗುಂಡು ಹೊಡೆಯುವ ಅಂಗಳದ, ಹೊರಗೆ ಬರುವ ಹಾಗಿಲ್ಲ, ಬರೀ ಚಿಂದಿ. ಒಮ್ಮೆ ಸ್ಟೇಷನ್ನಿನಲ್ಲಿ ಚೀಲ ತಪಾಸಣೆ. ಪೋಲೀಸಿನವರು ಡಬ್ಬಿ ತೆಗೆದು ಮೂಸಿ ನೋಡಿದರು. ಒಳಗೆ ಇನ್ನೂರು ಚಪಾತಿ ಮರಿಗಳ ಹಾಗೆ ದುಂಡನೆಯ, ಎಣ್ಣೆ ಕುಡಿದ ಬಟ್ಟೆ.

"ಯೇ ಕ್ಯಾ ಹೈ?"

ನಿಜ ಹೇಳಿದರೆ ಬಂದೂಕಿನಿಂದ ಶುರು ಮಾಡಬೇಕು. ಸ್ಟೇಷನ್ನಿನಲ್ಲಿ ಆ ಶಬ್ದ ಎತ್ತುವ ಧೈರ್ಯ ಯಾರಿಗಿದೆ? "ಅಜ್ಜಿಗೆ ಮಂಡಿನೋವು ಸಾಬ್, ಮಾಲಿಶ್ ಪಟ್ಟಿ" ಅಂದೆ. ಅವರು ಒಂದು ಚೂರನ್ನು ತೆಗೆದು ತಮ್ಮ ಮೊಣಕೈಗೆ ಇಟ್ಟುಕೊಂಡು, "ಅಚ್ಛಾ ಹೈ" ಎಂದು ಇನ್ನೆರಡು ಇಟ್ಟುಕೊಂಡರು. ಈ ಕತೆಯನ್ನು ಕ್ಲಬ್ಬಿನಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ. ಹೊಸಬರೇ, ಇದನ್ನು ಅನುಕರಿಸಬೇಡಿ. ಕ್ಲಬ್ಬಿನ ಗುರುತಿನ ಚೀಟಿ ತೋರಿಸಿ.

ಹೊಡೆದ ಮೇಲೆ ಆ ಬಟ್ಟೆ ಹತ್ತಡಿ ಮುಂದೆ ಬೀಳುತ್ತದೆ. ಎಲ್ಲರೂ ಗುರಿಯ ಕಾಗದ ನೋಡಲು ಓಡಿದರೆ ಕಾಕಾ ನೆಲ ನೋಡಲು ಬಗ್ಗುತ್ತಿದ್ದರು. ಬಟ್ಟೆ ನಡುವೆ ಕಪ್ಪಾಗಿ ಅಂಚು ಉಳಿದಿದ್ದರೆ ತುಂಬಿದ್ದು ಸರಿ. ತೂತು ಬಿದ್ದಿದ್ದರೆ ಬಟ್ಟೆ ತೆಳ್ಳಗಾಯಿತು, ಅಥವಾ ಎಣ್ಣೆ ಕಡಿಮೆಯಾಯಿತು. ಮೊದಲ ವರ್ಷ ಇದು ಹುಚ್ಚು ಅನ್ನಿಸಿತು. ಮೂರನೆಯ ವರ್ಷ ನಾನೂ ಬಗ್ಗುತ್ತಿದ್ದೆ, ಹೊಸ ಸದಸ್ಯರಿಗೆ ಕಾಣುವ ಹಾಗೆ, ಹುಬ್ಬು ಗಂಟಿಕ್ಕಿಕೊಂಡು.

ಇನ್ನು ಮೂಗಿನ ಗುಂಡು. ಕ್ಲಬ್ಬಿನ ಎರಡನೆಯ ಬಂದೂಕಿಗೆ ಗೋಲಿ ಹಾಕುವುದಿಲ್ಲ. ಮುಂದೆ ಚೂಪು, ಹಿಂದೆ ಟೊಳ್ಳು ಇರುವ ಉದ್ದನೆಯ ಗುಂಡು ಹಾಕುತ್ತಾರೆ. ಅದಕ್ಕೆ ಬಟ್ಟೆ ಬೇಡ. ಅದರ ಮೈಮೇಲೆ ಬಳೆಯ ಹಾಗೆ ಗೆರೆಗಳಿರುತ್ತವೆ, ಅಲ್ಲಿ ಮೇಣ ತುಂಬಿ ಹಾಗೇ ಇಳಿಸಬೇಕು. ಮದ್ದು ಸಿಡಿದಾಗ ಟೊಳ್ಳು ಹಿಗ್ಗಿ ತಾನೇ ನಳಿಗೆಯ ಗೆರೆ ಹಿಡಿಯುತ್ತದೆ. ಈ ಗುಂಡಿನ ಮೇಲೆ ನಮ್ಮ ಒಬ್ಬ ಬಿಲ್ಡರ್ ಸಾಹೇಬರಿಗೆ ಕಣ್ಣು. ಅವರು ಹೊಡೆಯುತ್ತಿದ್ದದ್ದು ಗೋಲಿಯ ಬಂದೂಕು.

"ದಪ್ಪ ಎರಡರದೂ ಒಂದೇ ಅಲ್ವೇನೋ? ಇವತ್ತು ಚೂಪುದು ಹಾಕು. ಚೂಪಾದದ್ದು ಸೀದಾ ಹೋಗ್ತದೆ."

ಕಾಕಾ ಮದ್ದಿನ ಕಪಾಟಿಗೆ ಹೋಗಿದ್ದರು. ನಾನು ಸಾಹೇಬರನ್ನು ಮೆಚ್ಚಿಸಲು ಹಾಕಿ ಕೊಟ್ಟೆ. ಶಬ್ದ ಜೋರಾಗಿಯೇ ಬಂತು. ಕಾಗದದಲ್ಲಿ ನೋಡಿದರೆ ತೂತು ದುಂಡಗಿಲ್ಲ. ಗುಂಡಿನ ಪೂರ್ತಿ ಚಿತ್ರ, ಮೂಗು, ಹೊಟ್ಟೆ, ಬಳೆ ಸಮೇತ ಅಡ್ಡಡ್ಡ ಅಚ್ಚಾಗಿತ್ತು. ಗುಂಡು ಗಾಳಿಯಲ್ಲಿ ಲಾಗ ಹಾಕಿ, ಅಡ್ಡ ಮಲಗಿಕೊಂಡು ಹೋಗಿ ಬಡಿದಿತ್ತು.

ಕಾಕಾ ಆ ಕಾಗದವನ್ನು ನನ್ನ ಮೂಗಿಗೆ ಹಿಡಿದರು. "ಗೋಲಿ ಬಂದೂಕಿನ ಸುರುಳಿ ನಿಧಾನ ತಿರಗತೈತಿ. ಗೋಲಿಗೆ ಅಷ್ಟ ಸಾಕು. ಉದ್ದ ಗುಂಡು ಬಗರಿ ಇದ್ದಂಗ, ಜೋರ ತಿರುವಿದ್ರ ನಿಲ್ಲತೈತಿ, ಇಲ್ಲಾಂದ್ರ ಬೀಳತೈತಿ. ಸಾಹೇಬ್ರು ಕೇಳಿದ್ರು ಅಂತ ಹಾಕಿದ್ಯಾ? ನಾಳೆ ಅವರು ಕಾಗೀ ಹಾಕಂದ್ರ ಹಾಕ್ತೀಯಾ?"

ಸಾಹೇಬರು ಮಾತ್ರ ಆ ಕಾಗದವನ್ನು ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದಾರಂತೆ. ಕ್ಲಬ್ಬಿನಲ್ಲೇ ಅತಿ ದೊಡ್ಡ ತೂತು ನನ್ನದು ಅನ್ನುತ್ತಾರಂತೆ.

ಕೆಲಸದ ರೀತಿ ಬದಲಾದದ್ದು ಎರಡನೆಯ ವರ್ಷ. ಅಲ್ಲಿಯ ತನಕ ಪ್ರತಿ ಗುಂಡಿಗೂ ಬೆಂಚಿನ ಮೇಲೆಯೇ ಮದ್ದು ಅಳೆಯುತ್ತಿದ್ದೆವು. ಕಾಕಾ ಅದನ್ನು ನಿಲ್ಲಿಸಿ ಗಾಜಿನ ಪುಟ್ಟ ಕೊಳವೆಗಳನ್ನು ತಂದರು. ಬೆಳಿಗ್ಗೆಯೇ ತೂಗಿ, ಒಂದೊಂದರಲ್ಲಿ ಒಂದು ಗುಂಡಿನ ಮದ್ದು ತುಂಬಿ, ಬಿರಡೆ ಹಾಕಿ, ಮರದ ಹಲಗೆಯ ತೂತುಗಳಲ್ಲಿ ಹದಿಮೂರನ್ನು ನಿಲ್ಲಿಸುವುದು. ಮದ್ದು ಸುರಿದ ಕೊಳವೆಗೆ ಮತ್ತೆ ಬಿರಡೆ ಹಾಕಿ ತಲೆಕೆಳಗಾಗಿ ಇಡುವುದು. ನೆಟ್ಟಗಿದ್ದರೆ ತುಂಬಿದ್ದು, ತಲೆಕೆಳಗಾದರೆ ಮುಗಿದದ್ದು. ಒಂದು ಕಣ್ಣೋಟಕ್ಕೆ ಲೆಕ್ಕ ಸಿಗುತ್ತದೆ. ಇದರಿಂದ ನನ್ನ ವೇಗ ಎರಡು ಪಟ್ಟಾಯಿತು, ಬಾಯಿಯ ವೇಗ ಮೂರು ಪಟ್ಟಾಯಿತು. ಕಣ್ಣು ಮುಚ್ಚಿ ತುಂಬುತ್ತಿದ್ದೆ, ಹಿಂದಿ ಹಾಡಿನ ತಾಳಕ್ಕೆ ಗಜ ತಳ್ಳುತ್ತಿದ್ದೆ. ಪಕ್ಕದ ಏರ್ ಪಿಸ್ತೂಲಿನ ಹುಡುಗಿಯರು ನಮ್ಮ ಬೆಂಚಿನ ಬಳಿ ನೀರು ಕುಡಿಯಲು ಬರುತ್ತಿದ್ದರು. ನೀರಿನ ಕೂಲರ್ ಅಲ್ಲೇ ಇತ್ತು ನಿಜ, ಆದರೂ.

"ಲೇ, ಇದು ಸರ್ಕಸ್ಸಲ್ಲ" ಅನ್ನುತ್ತಿದ್ದರು ಕಾಕಾ.

"ಒಂದ್ ಗುಂಡರ ಮಿಸ್ ಆಗೇತೇನ್ ಕಾಕಾ? ಟೆನ್ಶನ್ ಯಾಕ್ ತಗೋತೀರಿ?"

ಆ ಕಾಲಕ್ಕೆ ಸುಮತಿ ಅಕ್ಕ ಬಂದರು. ಉಡುಪಿ ಕಡೆಯವರು, ವಯಸ್ಸು ನಲವತ್ತಾರು. ಆಂಟಾಪ್ ಹಿಲ್‌ನಲ್ಲಿ ಅಣ್ಣ ವಾಸಣ್ಣನ ಜೊತೆ ಹೋಟೆಲ್ ನಡೆಸುತ್ತಾರೆ. ಹದಿನೈದನೆಯ ವಯಸ್ಸಿನಲ್ಲಿ ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಕೂತವರು, ಆ ಕುರ್ಚಿಯನ್ನು ಮೂರು ಸಲ ಬದಲಾಯಿಸಿದರು, ತಾವು ಮಾತ್ರ ಏಳಲಿಲ್ಲ. ಆ ಕಡೆ ಹೋದಾಗಲೆಲ್ಲ ಅಲ್ಲಿ ತಿಂಡಿ ತಿನ್ನುವ ಕಾಕಾ ಒಮ್ಮೆ ಬಂದೂಕಿನ ಸುದ್ದಿ ತೆಗೆದಾಗ, "ನಮ್ಮ ಅಜ್ಜನ ಹತ್ರ ಕೇಪಿನ ಕೋವಿ ಇತ್ತು ಮಾರಾಯ್ರೆ. ಹೆಣ್ಣುಮಕ್ಕಳಿಗೆ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ" ಅಂದರಂತೆ. ಒಂದು ಭಾನುವಾರ ನೋಡಿ ಹೋಗಲು ಬಂದರು. ಮೊದಲ ಗುಂಡಿಗೆ ಬೆಳ್ಳಗಿನ ಹೊಗೆ ಮುಖ ಮುಚ್ಚಿತು. ಹೊಗೆ ಸರಿದಾಗ ಅಕ್ಕ ನಗುತ್ತಿದ್ದರು. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ತಪ್ಪಿಸದಿರುವುದು ಸುಲಭವಿರಲಿಲ್ಲ. ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಎರಡು ವರ್ಷ ಗೊಣಗಿ ಗೊಣಗಿ, ಕೊನೆಗೆ ವಾಸಣ್ಣ ಒಂದು ಶರತ್ತು ಹಾಕಿದರು. ರಾಜ್ಯದ ತಂಡಕ್ಕೆ ನಾಲ್ವರನ್ನು ಆರಿಸುವ ಸ್ಪರ್ಧೆ ನಮ್ಮ ರೇಂಜಿನಲ್ಲೇ ಇತ್ತು.

"ಅಣ್ಣ ಹೇಳಿದ್ದಾನೆ" ಎಂದರು ಅಕ್ಕ, ಕಿವಿಗೆ ಹತ್ತಿ ತುರುಕಿಕೊಳ್ಳುತ್ತ. "ಟೀಮಿಗೆ ಸೆಲೆಕ್ಟ್ ಆದ್ರೆ ಭಾನುವಾರ ನಿನ್ನದು, ಗಲ್ಲಾ ನಾನು ನೋಡ್ತೇನೆ. ಆಗದಿದ್ರೆ ಈ ಆಟ ಸಾಕು, ಗಲ್ಲಾಕ್ಕೆ ಬಾ ಅಂತ. ನಾನೂ ಹೂಂ ಅಂದುಬಿಟ್ಟೆ."

"ಯಾಕ್ರೀ ಅಕ್ಕಾ ಹೂಂ ಅಂದ್ರಿ?"

"ಮತ್ತೆಂತ ಮಾಡುದು? ಎರಡು ವರ್ಷ ಅವನೇ ಸುಧಾರಿಸಿದ್ದಲ್ವಾ? ಅವನಿಗೂ ವಯಸ್ಸಾಯ್ತು." ಇನ್ನೊಂದು ಕಿವಿಗೂ ಹತ್ತಿ ತುರುಕಿ, "ನೀನು ಸರಿ ತುಂಬಿಸಿ ಕೊಡು ಮಾರಾಯ. ಉಳಿದದ್ದು ನಾನು ನೋಡ್ಕೊಳ್ತೇನೆ" ಅಂದರು.

"ಅಕ್ಕಾ, ನನ್ನ ಕೈ ಅಂದ್ರ ಮಷೀನ್!" ಅಂದೆ.

ಸ್ಪರ್ಧೆಯ ನಿಯಮ ಸರಳ. ಅರ್ಧ ಗಂಟೆಯಲ್ಲಿ ಹದಿಮೂರು ಗುಂಡು ಹೊಡೆಯಬಹುದು, ಚೆನ್ನಾಗಿ ಬಿದ್ದ ಹತ್ತು ಮಾತ್ರ ಲೆಕ್ಕಕ್ಕೆ. ಅಂದರೆ ಮೂರು ಕೆಟ್ಟರೂ ಚಿಂತೆಯಿಲ್ಲ. ಇನ್ನೊಂದು ನಿಯಮ: ಕೇಪು ಕೆಟ್ಟು ಗುಂಡು ಹಾರದಿದ್ದರೆ ಗಡಿಯಾರ ನಿಲ್ಲಿಸುತ್ತಾರೆ. ತುಂಬುವುದರಲ್ಲಿ ತಪ್ಪಾದರೆ ನಿಲ್ಲಿಸುವುದಿಲ್ಲ, ಅದು ಹೊಡೆಯುವವರ ಪಾಲಿನ ನಷ್ಟ. ಕಾಕಾ ಅಂದು ರೇಂಜಿನ ಅಧಿಕಾರಿ, ಹಾಗಾಗಿ ಯಾರಿಗೂ ಸಹಾಯ ಮಾಡುವಂತಿಲ್ಲ. ಗಡಿಯಾರ ಹಿಡಿದದ್ದು ಹೊರಗಿನಿಂದ ಬಂದಿದ್ದ ಜಡ್ಜ್ ಮೇಡಂ, ಎಂದೂ ನಗದವರು.

ಮೊದಲ ಆರು ಗುಂಡು ಹದಿನಾಲ್ಕು ನಿಮಿಷದೊಳಗೆ ಮುಗಿದವು. ಅಕ್ಕ ಚೆನ್ನಾಗಿಯೇ ಹೊಡೆದಿದ್ದರು, ಆದರೂ ತೂತುಗಳು ಒಂದು ಮೇಲೆ ಒಂದು ಕೆಳಗೆ ಚದುರಿದ್ದವು. ನನ್ನ ಹಿಂದೆ ಏರ್ ಪಿಸ್ತೂಲಿನ ಮಂದಿ ನಿಂತು ನೋಡುತ್ತಿದ್ದರು. ಏಳನೆಯದನ್ನು ತುಂಬಲು ಕೊಳವೆ ಕೈಗೆತ್ತಿಕೊಂಡೆ. ಅವರಲ್ಲಿ ಒಬ್ಬಳು, "ಬಟ್ಟೆ ಯಾಕೆ ಸುತ್ತೋದು?" ಎಂದು ಕೇಳಿದಳು. ಈ ಪ್ರಶ್ನೆಗೆ ಮೂರು ವರ್ಷದಿಂದ ಕಾದಿದ್ದೆ. ತಿರುಗಿ, ಕೊಳವೆ ಹಿಡಿದ ಕೈಯನ್ನೇ ಆಡಿಸುತ್ತ, ಸುರುಳಿ, ಗೆರೆ, ಬಗರಿ ಎಲ್ಲಾ ವಿವರಿಸಿದೆ. ಲಂಗೋಟಿಯ ಜೋಕೂ ಹೇಳಿದೆ, ಹಿಂದಿಯಲ್ಲಿ. ನಕ್ಕರು. ನಗುತ್ತಲೇ ಕೈ ತನ್ನ ಪಾಡಿಗೆ ಕೊಳವೆಯನ್ನು ಹಲಗೆಗೆ ಇಟ್ಟಿತು. ಬಟ್ಟೆ ಹಾಕಿತು, ಗೋಲಿ ಹಾಕಿತು, ಗಜ ತಳ್ಳಿತು. ಬಂದೂಕು ಅಕ್ಕನ ಕೈ ಸೇರಿತು.

ಅಕ್ಕ ಸಾಲಿಗೆ ಹೋದರು, ಕೇಪು ಇಟ್ಟರು, ಗುರಿ ಹಿಡಿದು ಕುದುರೆ ಬಿಟ್ಟರು.

ಚಿಕ್.

ಇಂಥ ಹೊತ್ತಿನಲ್ಲಿ ಬಂದೂಕು ಇಳಿಸಬಾರದು. ಒಳಗೆ ಕಿಡಿ ಕುಟುಕುತ್ತಿದ್ದು ತಡವಾಗಿ ಸಿಡಿಯಬಹುದು. ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು. ಅಕ್ಕ ಕಾದರು. ಕಾಕಾ ಹೇಳಿದ ಮೇಲೆ ಹಾಗೇ ಹಿಡಿದುಕೊಂಡು ಹೊಸ ಕೇಪು ಇಟ್ಟರು. ಚಿಕ್. ಮತ್ತೆ ಒಂದು ನಿಮಿಷ.

ನಾನು ಹಲಗೆಯ ಕಡೆ ನೋಡಿದೆ. ತಲೆಕೆಳಗಾದ ಏಳು ಕೊಳವೆ. ಏಳನೆಯದರ ಒಳಗೆ, ಬಿರಡೆಯ ಮೇಲೆ, ಕಪ್ಪಗೆ ಮದ್ದು ತುಂಬಿ ನಿಂತಿತ್ತು.

ನನ್ನ ಕೈ, ಅದೇ ಮಷೀನು, ಯಾರೂ ಹೇಳದೆ ಆ ಕೊಳವೆಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಿತು.

ಜಡ್ಜ್ ಮೇಡಂ ಬಂದು, ಮದ್ದು ಹಾಕಿದ್ದೀಯಲ್ಲ ಎಂದು ಕೇಳಿದರು. "ಪೌಡರ್ ಡಾಲಾ ಥಾ ನಾ?"

"ಡಾಲಾ ಥಾ ಮ್ಯಾಡಂ" ಅಂದೆ. ಹಾಕಿದ್ದೆ ಅಂತ.

"ತೋ ಕ್ಯಾಪ್ ಖರಾಬ್ ಹೈ." ಹಾಗಾದರೆ ಕೇಪೇ ಕೆಟ್ಟದ್ದು ಎಂದು ಅವರು ಗಡಿಯಾರ ನಿಲ್ಲಿಸಿದರು.

ನನ್ನ ಲೆಕ್ಕಾಚಾರ ಕೇಳಿ. ಸುಳ್ಳಿನಿಂದ ನನ್ನ ಮಾನವೂ ಉಳಿಯುತ್ತದೆ, ಅಕ್ಕನ ಸಮಯವೂ ಉಳಿಯುತ್ತದೆ. ನಿಜ ಹೇಳಿದರೆ ಎರಡೂ ಹೋಗುತ್ತವೆ. ಇಷ್ಟು ಲಾಭದಾಯಕ ಸುಳ್ಳು ನನ್ನ ವೃತ್ತಿಜೀವನದಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ಮದ್ದು ಕೂತಿದೆ ಎಂದೇ ನಂಬಿ ಕಾಕಾ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಇಡೀ ಸಾಲು ನಿಲ್ಲಿಸಿ, ಮೂರನೆಯ ಕೇಪು ಕೊಟ್ಟರು. ಚಿಕ್. ಮತ್ತೆ ಕಾಯುವಿಕೆ.

ಆ ಬಂದೂಕು ಐದು ಕಿಲೋಗೆ ಹತ್ತಿರ ತೂಗುತ್ತದೆ. ಅಕ್ಕನ ಎಡತೋಳು ಮೊದಲು ಸಣ್ಣಗೆ ನಡುಗಿತು, ಆಮೇಲೆ ಕಾಣುವ ಹಾಗೆ ನಡುಗಿತು. ಒಳಗೆ ಯಾವಾಗ ಬೇಕಾದರೂ ಸಿಡಿಯುವುದು ಇದೆ ಎಂದು ನಂಬಿ, ಹಲ್ಲು ಕಚ್ಚಿ, ನಳಿಗೆ ಕೆಳಗಾಗಲು ಬಿಡದೆ ಹಿಡಿದಿದ್ದರು. ಒಳಗೆ ಏನೂ ಇರಲಿಲ್ಲ. ಅಕ್ಕ ಹಿಡಿದಿದ್ದದ್ದು ನನ್ನ ಸುಳ್ಳನ್ನು. ಮುಂದಿನ ಗುಂಡುಗಳಿಗೆ ಬೇಕಾದ ತೋಳು ಅದಕ್ಕೇ ಸವೆಯುತ್ತಿತ್ತು.

"ಕಾಕಾ" ಅಂದೆ. ಮುಷ್ಟಿ ಬಿಚ್ಚಿ ಕೈ ಮೇಲೆತ್ತಿದೆ. "ಮದ್ದು ಹಾಕಿಲ್ಲರೀ."

ಕಾಕಾ ಬಂದು ನನ್ನ ಕೈಯಿಂದ ಕೊಳವೆ ತೆಗೆದುಕೊಂಡರು. ಬೈಯಲಿಲ್ಲ. ಅವರು ಬೈಯದಿದ್ದದ್ದು ಮೂರು ವರ್ಷದಲ್ಲಿ ಅದೊಂದೇ ಸಲ, ಅದನ್ನು ಮರೆಯಲು ಇನ್ನೂ ಮೂರು ವರ್ಷ ಬೇಕು.

ಜಡ್ಜ್ ಮೇಡಂ ನಿಲ್ಲಿಸಿದ್ದ ನಿಮಿಷಗಳನ್ನೆಲ್ಲ ಮತ್ತೆ ಕಳೆದು ಗಡಿಯಾರ ಓಡಿಸಿದರು. ನನ್ನನ್ನು ಬೆಂಚಿನಿಂದ ಆಚೆ ಕಳಿಸಿದರು. ಕೇಪು ಕೂರುವ ಕಡೆಯ ಸಣ್ಣ ತೂತಿನಿಂದ ಚಿಟಿಕೆ ಮದ್ದು ಹಾಕಿಸಿ, ಆ ಗೋಲಿಯನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ಹೊರಹಾಕುವಷ್ಟರಲ್ಲಿ ಉಳಿದದ್ದು ಒಂಬತ್ತು ನಿಮಿಷ. ಲೆಕ್ಕಕ್ಕೆ ಇನ್ನೂ ನಾಲ್ಕು ಗುಂಡು ಬೇಕು. ಅಷ್ಟೂ ಚೆನ್ನಾಗಿ ಬೀಳಬೇಕು, ಕೆಟ್ಟದ್ದನ್ನು ಬಿಟ್ಟು ಇನ್ನೊಂದು ಹೊಡೆಯಲು ಸಮಯವಿಲ್ಲ. ಲೋಡರ್ ಇಲ್ಲ.

"ಸುಮತಿಯವರ, ಬಿಟ್ಟುಬಿಡೋದಾದ್ರ ಈಗ ಹೇಳ್ರಿ" ಅಂದರು ಕಾಕಾ ಮೆಲ್ಲಗೆ.

"ಎಂತಕ್ಕೆ ಬಿಡುದು? ನಾನೇ ತುಂಬ್ತೇನೆ" ಅಂದರು ಅಕ್ಕ. ಬೆಂಚಿನ ಮುಂದೆ ನಿಂತು ಸೆರಗನ್ನು ಸೊಂಟಕ್ಕೆ ಸಿಗಿಸಿದರು. ನನ್ನ ಕಡೆ ನೋಡಲಿಲ್ಲ.

ಹೋಟೆಲಿನಲ್ಲಿ ಗಲ್ಲಾದಿಂದ ಅಡುಗೆಮನೆಗೆ ಆರ್ಡರ್ ಕೂಗುವ ದನಿ ಇರುತ್ತದಲ್ಲ, ಅದೇ ದನಿಯಲ್ಲಿ, ಸಣ್ಣಗೆ, ತಮಗೆ ತಾವೇ ಕೂಗಿಕೊಂಡು ತುಂಬಿದರು. "ಮದ್ದು ಒಂದು." ಸುರಿದರು, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ತಲೆಕೆಳಗಾಗಿ ಇಟ್ಟರು. "ಬಟ್ಟೆ ಒಂದು. ಗುಂಡು ಒಂದು." ನಾನು ಹಾಡಿನ ತಾಳಕ್ಕೆ ಒಮ್ಮೆ ಜೋರು ಒಮ್ಮೆ ಹಗುರ ತಳ್ಳುತ್ತಿದ್ದ ಗಜವನ್ನು ಅಕ್ಕ ನಾಲ್ಕು ಸಲವೂ ಒಂದೇ ಭಾರ ಹಾಕಿ ಇಳಿಸಿದರು. ಏನು ನಿಧಾನ! ಹಿಂದೆ ನಿಂತು ನನ್ನ ಉಗುರು ನಾನೇ ತಿಂದೆ. ಒಂದಕ್ಕೆ ಎರಡು ನಿಮಿಷ ಹಿಡಿಯಿತು. ನಾಲ್ಕನೆಯದರ ಹೊಗೆ ಏಳುವುದಕ್ಕೂ ಮೇಡಂ ಸೀಟಿ ಊದುವುದಕ್ಕೂ ನಡುವೆ ಒಂದು ಸೀನು ಸೀನುವಷ್ಟು ಸಮಯ ಇತ್ತು. ಇದನ್ನು ಹಿಗ್ಗಿಸಿಲ್ಲ.

ಕಾಗದ ಬಂತು. ನಾನು ತುಂಬಿದ ಆರು ಗುಂಡು, ಬಾಣಲೆಯಲ್ಲಿ ಸಿಡಿದ ಸಾಸಿವೆಯ ಹಾಗೆ. ಅಕ್ಕ ತುಂಬಿದ ನಾಲ್ಕು, ಒಂದು ಬೋಂಡದ ಅಡಿಯಲ್ಲಿ ಮುಚ್ಚಿಹೋಗುವಷ್ಟು ಜಾಗದಲ್ಲಿ. ಅಕ್ಕನಿಗೆ ನಾಲ್ಕನೆಯ ಸ್ಥಾನ ಬಂತು. ಐದನೆಯವರಿಗಿಂತ ಒಂದೇ ಒಂದು ಅಂಕ ಹೆಚ್ಚು.

ಅಕ್ಕ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ನನ್ನ ಎದುರಿಗೆ ಬಂದು ನಿಂತರು. ಕ್ಷಮೆ ಕೇಳಲು ಬಾಯಿ ತೆರೆದೆ.

"ಬೇಡ. ಇವತ್ತು ನೀನು ತುಂಬಾ ಮಾತಾಡಿದ್ದೀ" ಅಂದರು. ಆಮೇಲೆ ತೋಳು ಮುಂದೆ ಚಾಚಿ, "ಇಲ್ಲಿ ನೋಯ್ತದೆ ಮಾರಾಯ, ನಿನ್ನ ಆ ಮಾಲಿಶ್ ಪಟ್ಟಿ ಉಂಟಾ?" ಎಂದು ಕೇಳಿದರು. ನಾನು ಡಬ್ಬಿ ಪೂರ್ತಿ ಕೊಟ್ಟೆ.

ಆಮೇಲೆ ಕಾಕಾ ಅಕ್ಕನಿಂದ ಆ ಕಾಗದ ಇಸಿದುಕೊಂಡು ಅದರ ಎರಡು ಗುಂಪು ತೂತುಗಳನ್ನು ಕಮಿಟಿಯವರಿಗೆ ತೋರಿಸಿದರು. ತುಂಬುವವನು ಬೇರೆ, ಹೊಡೆಯುವವರು ಬೇರೆ ಆದರೆ ತುಂಬಿದ್ದಕ್ಕೆ ಯಾರೂ ಜವಾಬ್ದಾರರಲ್ಲ, ಇನ್ನು ಮೇಲೆ ಪ್ರತಿಯೊಬ್ಬರೂ ತಮ್ಮ ಬಂದೂಕು ತಾವೇ ತುಂಬಲಿ ಅಂದರು. ಬಿಲ್ಡರ್ ಸಾಹೇಬರು ವಿರೋಧಿಸಿದರು. ಈಗ ಅವರ ಕೈಯೂ ಕರಿಯಾಗುತ್ತದೆ, ಅವರ ಗುಂಡೂ ಈಚೆಗೆ ಕಾಗದಕ್ಕೆ ತಾಗುತ್ತದೆ. ಲೋಡರ್ ಹುದ್ದೆ ಹೀಗೆ ರದ್ದಾಯಿತು. ತನ್ನ ಹುದ್ದೆಯನ್ನು ಬೇರು ಸಹಿತ ಕಿತ್ತು ನಿವೃತ್ತನಾದ ಇನ್ನೊಬ್ಬ ನೌಕರ ನಮ್ಮ ಕಟ್ಟೆಯ ಮೇಲಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಬಟ್ಟೆ ಹತ್ತಿಯದೇ ಇರಲಿ. ಗೋಲಿಯ ನಳಿಗೆಗೆ ಮೂಗಿನ ಗುಂಡು ಹಾಕಬೇಡಿ, ಯಾವ ಸಾಹೇಬರು ಹೇಳಿದರೂ. ತುಂಬುವಾಗ ಯಾರಾದರೂ ಪ್ರಶ್ನೆ ಕೇಳಿದರೆ, ಎಷ್ಟೇ ಒಳ್ಳೆಯ ಉತ್ತರ ಗೊತ್ತಿದ್ದರೂ, ಅದನ್ನು ಹೊಡೆದ ಮೇಲೆ ಹೇಳಿ. ತಪ್ಪಾದರೆ ಕೈ ಎತ್ತಿ. ಮೂರನೆಯ ಚಿಕ್ ತನಕ ಕಾಯಬೇಡಿ.

ಮೊನ್ನೆ ಭಾನುವಾರ ಬೆಳಿಗ್ಗೆ ಆಂಟಾಪ್ ಹಿಲ್‌ಗೆ ಹೋಗಿದ್ದೆ. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಗಲ್ಲಾದಲ್ಲಿ ವಾಸಣ್ಣ, ಬೆವರಿಳಿಸುತ್ತ, ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಕೊಡುತ್ತಿದ್ದರು. ಕಾಯಂ ಗಿರಾಕಿಯೊಬ್ಬರು ಮರಾಠಿಯಲ್ಲಿ ಸುಮತಿ ಅಕ್ಕ ಎಲ್ಲಿ ಎಂದು ಕೇಳಿದರು.

"ಗೋಳಿ ಮಾರಾಯಲಾ ಗೇಲೀ ಆಹೇ" ಅಂದರು ವಾಸಣ್ಣ. ಗುಂಡು ಹೊಡೆಯಲು ಹೋಗಿದ್ದಾಳೆ. ಗಿರಾಕಿಯ ಕೈಯಲ್ಲಿದ್ದ ಇಡ್ಲಿ ಬಾಯಿಯ ಹತ್ತಿರ ನಿಂತಿತು. ಆ ನಿಂತ ಇಡ್ಲಿಯನ್ನು ವಾಸಣ್ಣ ಕಣ್ತುಂಬ ನೋಡಿದರು. ಅದನ್ನು ನೋಡುವುದಕ್ಕೇ ಅವರು ಪ್ರತಿ ಭಾನುವಾರ ಗಲ್ಲಾದಲ್ಲಿ ಕೂರುತ್ತಾರೆ ಎಂದು ನನಗೆ ಅನ್ನಿಸಿತು.

ನನ್ನನ್ನು ಕಂಡು ಹತ್ತಿರ ಕರೆದರು. "ನೀನು ಅಲ್ಲಿ ಲೋಡರ್ ಇದ್ದವನಲ್ವಾ? ಬಾ ಮಾರಾಯ. ಇವರೆಲ್ಲ ನೂರು ಪ್ರಶ್ನೆ ಕೇಳ್ತಾರೆ, ನಂಗೆ ಉತ್ತರ ಬರುದಿಲ್ಲ. ಮೊದಲು ಗುಂಡು ಹಾಕುದಾ, ಮದ್ದು ಹಾಕುದಾ?"

ನನ್ನ ಏಳನೆಯ ಗುಂಡಿನ ವಿಷಯವನ್ನು ಅಕ್ಕ ಮನೆಯಲ್ಲಿ ಹೇಳಿಲ್ಲ ಎಂದು ಆಗ ತಿಳಿಯಿತು.

"ಮದ್ದು" ಅಂದೆ.

"ಗ್ಯಾರಂಟಿಯಾ?"

"ವಾಸಣ್ಣ, ಇಡೀ ಮುಂಬೈಯಲ್ಲಿ ಇದನ್ನು ನನ್ನಷ್ಟು ಗ್ಯಾರಂಟಿಯಾಗಿ ಹೇಳೋರು ಇನ್ನೊಬ್ರಿಲ್ಲ."